ಶುಕ್ರವಾರದ ಲೆಕ್ಕ

ಸೀಮೆಸುಣ್ಣವನ್ನು ನನ್ನ ಕೈಗೇ ಕೊಡುತ್ತಾಳೆ ಮೊರೀನ್.
ಅವಳ ಅಕ್ಷರ ಇರುವೆಸಾಲು, ನನ್ನದು ಗುಂಡಗೆ,
ಗದಗಿನ ಸಾಲಿಯಲ್ಲಿ ಮರಳ ಮೇಲೆ ತಿದ್ದಿದ ಕೈ.
ಮೀನು, ಚಿಪ್ಸು: ಆರೂವರೆ ಇತ್ತು
ಮೋರ್‌ಕಂಬಿನ ಈ ಅಂಗಡಿಗೆ ನಾನು ಸೇರಿದ ವರ್ಷ.
ಒದ್ದೆ ಬಟ್ಟೆಯಲ್ಲಿ ಆರನ್ನು ಒರೆಸಿ ಎಂಟು ಬರೆದೆ,
ಎಂಟರ ಎರಡೂ ಹೊಟ್ಟೆ ಒರೆಸಿ ಹತ್ತು,
ಇವತ್ತು ಹದಿಮೂರು.
ಹಲಗೆಯ ಆ ಮೂಲೆ ಒರೆಸಿ ಒರೆಸಿ ಬೆಳ್ಳಗಾಗಿದೆ,
ಹಳೆಯ ಅಂಕಿ ಅಡಿಯಲ್ಲಿ ಮಸುಕಾಗಿ ಉಳಿದಿದೆ,
ತೊಳೆದರೂ ಹೋಗದ ಅರಿಶಿನದ ಕಲೆ.

ಕಿಟಕಿಗೆ ಅವಳೇ ಅಂಟಿಸಿದ್ದಾಳೆ ಒಂದು ಚೀಟಿ:
ಎಣ್ಣೆ ಏರಿತು, ಆಲೂಗಡ್ಡೆ ಏರಿತು, ಕರೆಂಟು ಏರಿತು,
ಕೆಲಸದವರ ಕೂಲಿಯೂ ಏರಿತು, ದಯವಿಟ್ಟು ಕ್ಷಮಿಸಿ.
ಕೆಲಸದವರು ಅಂದರೆ ನಾನು.
ನಾನು, ಮತ್ತೆ ಶನಿವಾರ ಮಾತ್ರ ಬರುವ ಕೆಂಪುಗೂದಲಿನ ಹುಡುಗ.
ಗಿರಾಕಿಗಳು ಚೀಟಿ ಓದಿ ನನ್ನ ಮುಖ ನೋಡುತ್ತಾರೆ,
ನಾನು ಆಲೂಗಡ್ಡೆಯ ಮುಖ ನೋಡುತ್ತೇನೆ.

ಕ್ಲಿಫರ್ಡ್ ಮುದುಕ ಮೊದಲೆಲ್ಲ ಕಿಟಕಿಯ ಪಕ್ಕ ಕೂತು
ಇಡೀ ಮೀನು ತಿನ್ನುತ್ತಿದ್ದ. ಆಮೇಲೆ ಅರ್ಧ. ಆಮೇಲೆ ಬರೀ ಬಟಾಣಿ.
ಈಗ ಬಾಗಿಲಲ್ಲೇ ನಿಂತು, ಬಾಣಲೆಯಡಿಯ ಕರಿದ ಚೂರು
ಪುಕ್ಕಟೆ ಕೊಡುತ್ತೀರಾ ಅನ್ನುತ್ತಾನೆ.
ಮೊನ್ನೆ ದನಿ ಇಳಿಸಿ ಕೇಳಿದ:
ಆಲೂಗಡ್ಡೆ ಎಷ್ಟು ಹೊತ್ತು ಬೇಯಬೇಕು?
ಎಂಬತ್ತೊಂದು ವರ್ಷ. ಹೆಂಡತಿ ಹೋಗಿ ಮೂರು.
ಐವತ್ತು ವರ್ಷ ಆಲೂಗಡ್ಡೆ ತಾನಾಗಿಯೇ ಬೆಂದಿತ್ತು ಅವನಿಗೆ.

ಮನೆಯಲ್ಲಿ ಉಳವಪ್ಪನ ವಹಿ.
ಲ್ಯಾಂಕಾಸ್ಟರಿಗೆ ಆರು ಸಲ ಬಸ್ಸು ಹೊಡೆದು ಬಂದು
ಬೂಟು ಬಿಚ್ಚದೆ ಗೆರೆ ಎಳೆಯುತ್ತಾನೆ,
ಎಡಕ್ಕೆ ಹೊರಗಿಂದು, ಬಲಕ್ಕೆ ಒಳಗಿಂದು.
"ನೋಡು ಕಸ್ತೂರಿ, ಇಬ್ರು ಹೊರಗ ಉಂಡ್ರ ಇಪ್ಪತ್ತಾರು. ಚಾ ಬ್ಯಾರೆ.
ಒಳಗ ಉಂಡ್ರ, ಜ್ವಾಳದ ಹಿಟ್ಟು ನಲವತ್ತು ಪೆನ್ಸು,
ಬ್ಯಾಳಿ ಮೂವತ್ತು, ಉಳ್ಳಾಗಡ್ಡಿ ಹದಿನೈದು,
ಗ್ಯಾಸು ಇಪ್ಪತ್ತು ಅನ್ನು. ಒಂದು ಪೌಂಡು ಐದು!
ಕುಂತು ಉಣ್ಣಾವ್ರಿಗೆ ಕುಡಿಕಿ ಹೊನ್ನೂ ಸಾಲಂಗಿಲ್ಲ,
ನಮ್ಮವ್ವ ಸುಳ್ಳು ಹೇಳಿಲ್ಲ."

ಸುಳ್ಳಲ್ಲ.
ಆದರೆ ನಮ್ಮತ್ತೆ ಯಾವತ್ತೂ ಕುಂತು ಉಂಡವಳಲ್ಲ,
ಕುಂತು ರೊಟ್ಟಿ ಬಡಿದವಳು.

ಹಿಟ್ಟಿನ ಕೈಯಲ್ಲೇ ಪೆನ್ನು ಇಸಗೊಂಡೆ.
ಬಲಗಡೆ, ಗ್ಯಾಸಿನ ಕೆಳಗೆ, ಗುಂಡಗೆ ಬರೆದೆ:
ಕೂಲಿ, ಒಂದೂವರೆ ತಾಸು, ಹದಿನೆಂಟು ಪೌಂಡು.
ಮೊರೀನ್ ಕೊಡುವ ರೇಟೇ. ಚಿಲ್ಲರೆ ಬಿಟ್ಟುಕೊಟ್ಟಿದ್ದೇನೆ.

ಅವನು ಬಹಳ ಹೊತ್ತು ನೋಡಿದ.
ಕೂಡಿಸಿದ. ಮತ್ತೊಮ್ಮೆ ಕೂಡಿಸಿದ.
ಆಮೇಲೆ ಬೂಟು ಬಿಚ್ಚಿದ.
"ಹತ್ತೊಂಬತ್ತು ಪೌಂಡು ಐದು. ಆದ್ರೂ ಒಳಗಿಂದ ಅಗ್ಗ ಆತಲ್ಲ!"
ನನಗೆ ನಗು ತಡೆಯಲಿಲ್ಲ.
"ಹಂಗಾರ ಕೊಡು ಹದಿನೆಂಟು," ಎಂದು ಕೈ ಚಾಚಿದೆ.

ಜೇಬು ತಡಕಿದ. ಬಿಚ್ಚಿದ ಬೂಟು ಮತ್ತೆ ಹಾಕಿಕೊಂಡು ಹೋದ.
ಹೊರಗೆ ಕಡಲು ಮೈಲಿಗಟ್ಟಲೆ ಹಿಂದೆ ಸರಿದಿತ್ತು,
ಕೆಸರಿನ ಮೇಲೆ ಬೀದಿದೀಪಗಳು ಬಿದ್ದಿದ್ದವು.
ಕಾಲು ತಾಸಿಗೆ ಮೆಟ್ಟಿಲಲ್ಲಿ ವಿನೆಗರಿನ ವಾಸನೆ:
ಸಣ್ಣ ಪೊಟ್ಟಣ ಚಿಪ್ಸು, ನಾಲ್ಕು ಪೌಂಡಿನದು, ಮೀನಿಲ್ಲ.
"ಮೊದಲ್ನೇ ಕಂತು," ಅಂದ.

ಶೇಂಗಾ ಹಿಂಡಿ ಉದುರಿಸಿ ತಿಂದೆವು,
ರೊಟ್ಟಿಗೆ ಸುತ್ತಿಕೊಂಡು, ಒಂದೇ ತಾಟಿನಲ್ಲಿ.
ತಾಟು ಅವನೇ ತೊಳೆದ. ತವೆ ಮರೆತ.

ನಾಳೆ ಹತ್ತಕ್ಕೆ ಹಲಗೆ ಒರೆಸಬೇಕು,
ಸಣ್ಣ ಚಿಪ್ಸು ನಾಲ್ಕೂವರೆ ಆಗುತ್ತದಂತೆ.
ಮುದುಕನಿಗೆ ಹೇಳಬೇಕು, ಇಪ್ಪತ್ತು ನಿಮಿಷ,
ಸಿಪ್ಪೆಯ ಸಮೇತ, ನೀರಿಗೆ ಉಪ್ಪು ಮರೆಯಬೇಡ ಅಂತ.