ಬಿಳಿಯಲ್ಲಿ ಹದಿನಾರು ಬಗೆ

ರವಣಪ್ಪ ಮೇಷ್ಟ್ರು ತಂದದ್ದು ಒಂದು ಶೂ ಡಬ್ಬಿ.
ಒಳಗೆ ಹತ್ತಿ ಹಾಸಿ ಮಲಗಿಸಿದ ಅರವತ್ತು ಜನ,
ಸೀಸದ ಮೈ, ಹೆಬ್ಬೆರಳಿನ ಒಂದು ಗೆಣ್ಣುದ್ದ,
ಎಲ್ಲರ ಕೈಗೂ ಬಂದೂಕು.
'ನಂದಿದುರ್ಗದ ಮುತ್ತಿಗೆ, ಅಶ್ವತ್ಥಮ್ಮ.
ಬಣ್ಣ ಹಾಕೋಕೆ ನನ್ನ ಕೈ ನಡುಗುತ್ತೆ. ನಿಂದು ಹಲ್ಲಿನ ಕೈ.'

ಹೌದು, ಹಲ್ಲಿನ ಕೈ.
ಚಿಕ್ಕಬಳ್ಳಾಪುರದ ಬಜಾರು ರಸ್ತೆಯ ಮಹಡಿಯಲ್ಲಿ ಇಪ್ಪತ್ತಾರು ವರ್ಷ
ಮೇಣ ಕೆತ್ತಿ, ಪಿಂಗಾಣಿ ಪುಡಿ ಕಲಸಿ, ಕುಲುಮೆಗಿಟ್ಟು
ಊರಿನ ಅರ್ಧ ನಗು ಮಾಡಿದವಳು.
ಬಿಳಿಯಲ್ಲಿ ಹದಿನಾರು ಬಗೆ ಗೊತ್ತು:
ಬೀಡಿ ಸೇದಿದವರ ಬಿಳಿ,
ಬೋರ್‌ವೆಲ್ ನೀರು ಕುಡಿದು ಬೆಳೆದವರ ಬಿಳಿ,
ಮದುವೆಗೆ ಮುಂಚೆ ಅರ್ಜೆಂಟಾಗಿ ಬೇಕಾದ ಬಿಳಿ.
ಕೆಂಪು ಅಂದರೆ ಒಸಡು. ಅಷ್ಟೆ.

ಜೊತೆಗೆ ಹನ್ನೊಂದು ಪುಟ್ಟ ಸೀಸೆ,
ಕಣ್ಣಿಗೆ ಬಿಡುವ ಔಷಧಿಯ ಹಾಗೆ ಮೂತಿ.
ಮೇಲೆ ಅಕ್ರಿಲಿಕ್ ಅಂತ ಬರೆದಿತ್ತು.
ಅಯ್ಯೋ, ಇದು ನಮ್ಮ ಮನೆಯದೇ ಅಂದುಕೊಂಡೆ.
ನಮ್ಮ ಅಕ್ರಿಲಿಕ್ ಬೇಯಿಸಿದರೆ ಗಟ್ಟಿ,
ಇದು ಫ್ಯಾನಿನ ಗಾಳಿಗೇ ಗಟ್ಟಿ.
ಹೆಸರೊಂದೇ, ನೆಂಟಸ್ತಿಕೆ ಇಲ್ಲ,
ಬಸ್ಸಲ್ಲಿ ಪಕ್ಕ ಬಂದು ಕೂತ ಇನ್ನೊಬ್ಬ ಅಶ್ವತ್ಥಮ್ಮನ ಹಾಗೆ.

ಮೊದಲನೆಯವನು ಹಾಳಾದ.
ಕೋಟಿನ ಕೆಂಪು ಲೋಹದ ಮೇಲೆ ನಿಲ್ಲಲೇ ಇಲ್ಲ,
ಎಣ್ಣೆ ಹಚ್ಚಿದ ತಲೆಯ ಮೇಲೆ ಸುರಿದ ನೀರು.
ದಪ್ಪ ಬಳಿದರೆ ಗುಂಡಿ, ಪಟ್ಟಿ, ಮೂಗು ಮುಚ್ಚಿ
ಬೆಲ್ಲದ ಪಾಕಕ್ಕೆ ಬಿದ್ದ ಇರುವೆಯಾದ.
ಸ್ಪಿರಿಟ್ಟಿನಲ್ಲಿ ನೆನೆಹಾಕಿ ಬ್ರಷ್ಷಿಂದ ಉಜ್ಜಿದೆ.
ಹಲ್ಲುಜ್ಜುವ ಬ್ರಷ್ಷೇ, ಇನ್ಯಾವುದು.

ಆಮೇಲೆ ಕಲಿತೆ. ಸೋಪಿನ ನೀರಲ್ಲಿ ತೊಳೆದು
ಬೂದು ಪ್ರೈಮರು, ತೆಳ್ಳಗೆ.
ಟಿಫಿನ್ ಮುಚ್ಚಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ
ಬೇಕರಿಯವನು ಕೊಟ್ಟ ಬೆಣ್ಣೆಕಾಗದ, ಅದರ ಮೇಲೆ ಹನಿ ಬಣ್ಣ.
ಹೀಗಿಟ್ಟರೆ ಸಂಜೆಯಿಡೀ ಒಣಗದು.
ಪಿಂಗಾಣಿ ಕುಲುಮೆಯಿಂದ ಹೊರಬರುವ ತನಕ ನಿಜ ಹೇಳಲ್ಲ.
ಇದು ಕಣ್ಣೆದುರೇ ಹೇಳುತ್ತೆ,
ಒಣಗುವಾಗ ಮಾತ್ರ ಮಾತು ಬದಲಿಸಿ ಒಂಚೂರು ಕಪ್ಪಾಗುತ್ತೆ.

ಮೂವತ್ತು ಜನಕ್ಕೆ ಕೆಂಪು ಕೋಟು.
ಮೂವತ್ತು ಜನಕ್ಕೆ ನೇರಳೆ ಅಂಗಿ, ಮೇಲೆ ಹುಲಿಪಟ್ಟೆ.
ಮುಖಕ್ಕೆ ಬಂದರೆ ಕಂದು ಸೀಸೆ ಒಂದೇ ಇತ್ತು.
'ಇನ್ನೊಂದು ಮರೆತಿರಾ ಮೇಷ್ಟ್ರೇ?' ಫೋನು ಮಾಡಿದೆ.
'ಇಲ್ಲಮ್ಮ. ಇವರೂ ಸಿಪಾಯಿಗಳೇ. ಅದೇ ಹಾಕು.'

ಆಗಲೇ ಹೇಳಿದ್ದು:
ಮದ್ದಿನ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕಿತ್ತಂತೆ.
ಮುಂದಿನ ಹಲ್ಲಿಲ್ಲದವನನ್ನು
ಪಟಾಲಮ್ಮಿಗೆ ಸೇರಿಸುತ್ತಿರಲಿಲ್ಲವಂತೆ.
ಹೇಳಿ ನಕ್ಕರು. ಫೋನಿನಲ್ಲೂ ನನಗೆ ಕಂಡಿತು ಆ ನಗು,
ಮುಂದಿನ ನಾಲ್ಕೂ ನಾನು ಮಾಡಿಕೊಟ್ಟದ್ದು, ಎ-ತ್ರೀ.

ಎತ್ತಿನ ಹಲ್ಲೆಣಿಸಿ ಕೊಳ್ಳುವುದು ಗೊತ್ತಿತ್ತು.

ರಾತ್ರಿ ಸೊನ್ನೆ ಸೊನ್ನೆ ನಂಬರಿನ ಕುಂಚದ ತುದಿಗೆ ಬಿಳಿ ತಾಗಿಸಿ
ಒಂದೊಂದು ಬಾಯಿಗೂ ಸಾಸಿವೆಯ ಕಾಲುಪಾಲು ಇಟ್ಟೆ.
ಯಾರಿಗೂ ಕಾಣದು, ಭೂತಗನ್ನಡಿ ಹಿಡಿದರೆ ಮಾತ್ರ.
ಕಾಲಡಿಗೆ ಗೋಂದು, ಗೋಂದಿಗೆ ಕ್ರಷರಿನ ದೂಳು;
ಕೊಳ್ಳಲಿಲ್ಲ, ಕಿಟಕಿ ಮೇಲೆ ತಾನಾಗಿ ಕೂತದ್ದನ್ನೇ ಗುಡಿಸಿದೆ.
ಅವರು ಹತ್ತಬೇಕಾದ ಬೆಟ್ಟದ ಕಡೆಯದೇ ಕಲ್ಲು.

ಐವತ್ತೊಂಬತ್ತಾಯಿತು.
ಅರವತ್ತನೆಯವನು ಆ ಹಾಳಾದವನು,
ಎಷ್ಟು ಉಜ್ಜಿದರೂ ಕಿವಿಯ ಹಿಂದೆ ಹಳೆ ಕೆಂಪು ಉಳಿದವನು.
ಅವನ ಬಾಯಿಗೆ ಬಿಳಿ ಇಡಲಿಲ್ಲ.
ಬಾಯಿ ತೆರೆಸಿ ನೋಡಿ, ನೀನು ಬೇಡ, ಮನೆಗೆ ಹೋಗು ಅನ್ನಲಿ.

ಭಾನುವಾರ ಮೇಷ್ಟ್ರು ಬಂದು ಎಣಿಸಿದರು, ಹೊಗಳಿದರು,
ಅವನನ್ನೇ ಎತ್ತಿ ಬೆಳಕಿಗೆ ಹಿಡಿದು, ಹದವಾಗಿ,
ಮುಂದಿನ ಸಾಲಲ್ಲಿ ನಿಲ್ಲಿಸಿದರು.

ನಾನು ಏನೂ ಹೇಳಲಿಲ್ಲ.
ಸೋಮವಾರ ಕೊಡಬೇಕಾದ ದವಡೆ ಹಲ್ಲೊಂದು ಇನ್ನೂ ಮೇಣದಲ್ಲೇ ಇತ್ತು.