ಇಳಿಯುವ ಅಲೆ

ಕೂದಲಿಗೆ ಜೆಲ್ ಹಚ್ಚುವುದು ನನ್ನ ಕೆಲಸ.
ಅರವತ್ತನಾಲ್ಕು ತೂತಿನ ಟೊಪ್ಪಿಗೆ,
ತೂತಿಗೊಂದು ತಂತಿ, ತಂತಿಗೊಂದು ತೊಟ್ಟು ಅಂಟು.
ಬೊಗುಮಿಲಾ ಗೊಣಗುತ್ತಾಳೆ, ಅರ್ಧ ಬಾಯಲ್ಲಿ:
"ನಿನ್ನೆ ತಾನೆ ತಲೆ ತೊಳೆದಿದ್ದಳು ಸೊಸೆ."

ಕಿಟಕಿಯಾಚೆ ಗ್ದಾನ್ಸ್ಕ್ ಬಂದರಿನ ಮಂಜು,
ಮಂಜಿನೊಳಗೆಲ್ಲೋ ಅವಳ ಕ್ರೇನು.
ಇಪ್ಪತ್ತೇಳು ವರ್ಷ ಅದರ ನೆತ್ತಿಗೂಡಲ್ಲಿ ಕೂತು
ಹಡಗಿನ ಪಕ್ಕೆಲುಬುಗಳನ್ನು ಗಾಳಿಯಲ್ಲಿ ತೂಗಿದವಳು.
ನಲವತ್ತು ಟನ್ನು ಕಬ್ಬಿಣ
ಎರಡು ಬೆರಳ ಮಾತು ಕೇಳಿ
ಮೊಟ್ಟೆ ಇಟ್ಟಂತೆ ನೆಲ ಮುಟ್ಟುತ್ತಿತ್ತಂತೆ.

ಮಾರ್ಚಿಯ ಒಂದು ಬೆಳಿಗ್ಗೆ, ಚಹಾ ಕಲಕುವಾಗ,
ಕೈಯೇ ಕೈಕೊಟ್ಟಿತು.
ಈಗ ಅದು ಮೇಜಿನ ಮೇಲೆ,
ಯಾರೋ ಬಿಟ್ಟುಹೋದ ಒಂಟಿ ಗವಸು.

"ಮುಷ್ಟಿ ಬಿಚ್ಚಿ" ಅನ್ನುತ್ತಾರೆ ಡಾಕ್ಟರ್ ಶ್ಚೆಪಾನ್,
"ಆಗುವುದಿಲ್ಲ, ಗೊತ್ತು. ಆದರೂ ಬಿಚ್ಚಿ."

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂದುಕೊಂಡಿದ್ದೆ,
ಬಯಸಿದರೆ ಪರದೆಯ ಮೇಲೆ ಅಲೆ ಏಳುತ್ತದೆಂದು.
ತಿರುಗುಮುರುಗು.
ಸುಮ್ಮನಿರುವ ಕೈಗೆ ಅಲೆ ತೂಗುತ್ತಿರುತ್ತದೆ,
ಸೆಕೆಂಡಿಗೆ ಹತ್ತು ಸಲ, ಲಂಗರು ಹಾಕಿದ ದೋಣಿಯ ಹಾಗೆ.
ಎತ್ತಬೇಕು ಅಂದುಕೊಂಡ ಗಳಿಗೆ
ಇಳಿಯುತ್ತದೆ.
ಮನಸ್ಸು ಮಾಡುವುದೆಂದರೆ ಇಷ್ಟೇ ಏನೋ,
ಒಳಗಿನದೊಂದು ಗುಂಯ್‌ಗುಡುವುದು ನಿಲ್ಲುವುದು.

ಅಲೆ ಇಳಿದದ್ದೇ ತಡ, ಯಂತ್ರದ ಪಂಜರ ಬೆರಳು ಬಿಡಿಸುತ್ತದೆ.
ಆ ಕ್ಷಣವೇ ಆಗಬೇಕು. ಒಂದು ಉಸಿರು ತಪ್ಪಿದರೆ
ಬಯಕೆಗೂ ಬೆರಳಿಗೂ ಮತ್ತೆ ಗುರುತು ಹತ್ತುವುದಿಲ್ಲ.

ಆದರೆ ಅರ್ಧ ಜನಕ್ಕೆ ಪಂಜರ ಅಲೆಯನ್ನು ಕೇಳುವುದೇ ಇಲ್ಲ,
ತನಗೆ ತೋಚಿದಾಗ ತೆರೆಯುತ್ತದೆ.
ಹೋಲಿಸಿ ನೋಡಬೇಕಲ್ಲ.
ಯಾರು ಯಾವ ಗುಂಪು, ನನಗೂ ಹೇಳಿಲ್ಲ,
ಪರೀಕ್ಷೆಯ ಹೊತ್ತು ಪರದೆ ನನ್ನತ್ತ ತಿರುಗಿರುವುದಿಲ್ಲ.
ಅವಳು ಸಹಿ ಹಾಕಿದ್ದಾಳೆ ಇದಕ್ಕೂ, ಎಡಗೈಯಲ್ಲಿ,
ಸೊಟ್ಟ ಅಕ್ಷರ ಕಾಗದದ ಅಂಚು ದಾಟಿ.

"ಮಂಜಿನ ದಿನ" ಅಂದಳು ಒಮ್ಮೆ, ಪದ ಪದ ಹೆಕ್ಕಿ,
"ಕೆಳಗೆ ಝೆನೋನ್ ಕಾಣುತ್ತಿರಲಿಲ್ಲ.
ಸನ್ನೆ ಮಾಡುತ್ತಲೇ ಇದ್ದನಂತೆ, ತೋಳು ಬಿದ್ದುಹೋಗುವಷ್ಟು.
ಮೇಲೆ ನಾನು ಬೈಯುತ್ತಿದ್ದೆ, ಸೋಮಾರಿ ಎಂದು."
ನಕ್ಕಳು. ನಗು ಎಡಕ್ಕೇ ನಿಂತಿತು.
"ಈಗ ನಾನೇ ಝೆನೋನ್."

ಎಂಟನೆಯ ವಾರ. ತಂತಿ ಕಳಚಿದ್ದೇನೆ.
ಬೇಸಿನ್ನಿಗೆ ತಲೆ ಬಾಗಿಸಿ ಜೆಲ್ ತೊಳೆಯುತ್ತಿದ್ದೇನೆ,
ಬಿಸಿನೀರು ಕಿವಿಯ ಹಿಂದೆ ಇಳಿಯುತ್ತಿದೆ.
ಜಾರುತ್ತಿದ್ದ ಟವೆಲಿನ ಅಂಚನ್ನು
ಅವಳ ಬಲ ಹೆಬ್ಬೆರಳು ಹಿಡಿಯಿತು.
ಹಿಡಿಯಿತೋ, ಟವೆಲೇ ಉಗುರಿಗೆ ಸಿಕ್ಕಿಕೊಂಡಿತೋ.

ಟೊಪ್ಪಿಗೆ ಮೊಳೆಗೆ ತೂಗಿತ್ತು. ಯಂತ್ರ ಆರಿತ್ತು.
ಫಾರ್ಮಿನಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಅವಳು ಗಮನಿಸಿದಳೋ ಇಲ್ಲವೋ.
"ನೆತ್ತಿಯಲ್ಲಿ ಇನ್ನೂ ಅಂಟಿದೆ" ಅಂದಳು,
"ಸರಿಯಾಗಿ ತಿಕ್ಕು."