ಬಸ್ ನಂಬರ್ ಆರರ ವ್ಯಾಕರಣ

ಏಳೂವರೆಗೆ ಮಕ್ಕಳನ್ನಿಳಿಸಿ
ಒಂದೂವರೆಗೆ ಮತ್ತೆ ಹತ್ತಿಸುವವರೆಗೆ
ಸೊಹಾರಿನ ಈ ಶಾಲೆಯ ಹಿಂದೆ
ಗೋಡೆಯ ನೆರಳು ಎಷ್ಟಗಲವೋ ಅಷ್ಟೇ ನನ್ನ ತರಗತಿ.
ನೆರಳು ಸರಿದಂತೆ ಪ್ಲಾಸ್ಟಿಕ್ ಕುರ್ಚಿ ಸರಿಸುತ್ತೇನೆ.
ಹನ್ನೊಂದಕ್ಕೆ ಬೆನ್ನು ಗೋಡೆಗೆ ಅಂಟುತ್ತದೆ,
ಹನ್ನೆರಡಕ್ಕೆ ನೆರಳೂ ಇಲ್ಲ, ಪಾಠವೂ ಇಲ್ಲ.

ಪುಸ್ತಕ ನನ್ನದಲ್ಲ.
ಹೋದ ವರ್ಷ ಹದಿನಾಲ್ಕನೇ ಸೀಟಿನಡಿ ಸಿಕ್ಕಿದ್ದು:
ಐದನೇ ಕ್ಲಾಸು, ಬಿ ಸೆಕ್ಷನ್, ಹೆಸರಿನ ಮೇಲೆ ಜ್ಯೂಸ್ ಚೆಲ್ಲಿದೆ.
ಯಾರನ್ನು ಕೇಳಿದರೂ ನನ್ನದಲ್ಲ ಅಂದರು.
ವ್ಯಾಕರಣವನ್ನು ಯಾವ ಮಗು ತನ್ನದೆನ್ನುತ್ತದೆ?
ಪೆನ್ಸಿಲಿನಲ್ಲಿ ಬರೆದ ಉತ್ತರಗಳಿವೆ, ಅರ್ಧಕ್ಕರ್ಧ ತಪ್ಪು.
ಮೊದಮೊದಲು ಅವನ್ನೇ ಸರಿಯೆಂದು ಬಾಯಿಪಾಠ ಮಾಡಿದೆ.
ಈಗ ಪಕ್ಕದಲ್ಲಿ ನನ್ನದನ್ನೂ ಬರೆಯುತ್ತೇನೆ.
ಕ್ಲಾಸಿನಲ್ಲಿ ನಾವಿಬ್ಬರು.

ಎ, ಆ್ಯನ್, ದ: ಮೂರು ತಿಂಗಳು ತಿಂದವು.
ಅಳ್ವೆಕೋಡಿಯಲ್ಲಿ ದೋಣಿ ಬಂತು ಅಂದರೆ ಸಾಕಿತ್ತು,
ಯಾವ ದೋಣಿಯೆಂದು ಬುಟ್ಟಿ ಹಿಡಿದು ಓಡುವವರಿಗೆ ಗೊತ್ತಿತ್ತು.
ಇಲ್ಲಿ ಮೊದಲ ಸಲ ಯಾವುದೋ ಒಂದು ದೋಣಿ,
ಎರಡನೇ ಸಲ ಅದೇ ದೋಣಿ.
ಪರಿಚಯವಾಗಲು ಇಂಗ್ಲಿಷಿಗೆ ಒಂದು ವಾಕ್ಯ ಸಾಕಂತೆ;
ಮಸ್ಕತ್ತಿನ ಮೇಡಂ ಮನೆಯಲ್ಲಿ ನಾಲ್ಕು ವರ್ಷ ಬೇಯಿಸಿದರೂ
ನಾನು ಎ ಮೇಡ್ ಆಗಿಯೇ ಉಳಿದೆ.

ಓದಿ ಅರ್ಥಮಾಡಿಕೊಂಡು ಉತ್ತರಿಸಿರಿ:
ಒಂದು ನರಿ, ಒಂದು ಬಾವಿ.
ಪ್ರಶ್ನೆ ನಾಲ್ಕು, ನರಿ ಬಾವಿಗೆ ಬಿದ್ದದ್ದು ಯಾಕೆ?
ಬಾಯಾರಿಕೆಯಿಂದ ಎಂದು ಕತೆಯಲ್ಲೇ ಇದೆ.
ಮಗು ಬರೆದದ್ದು: ಯಾರೂ ನೋಡುತ್ತಿರಲಿಲ್ಲ, ಅದಕ್ಕೆ.
ನಾನೇ ಕಾಟು ಹೊಡೆದಿದ್ದೆ.

ಪಾಠ ಇಪ್ಪತ್ತೆರಡು, ಪ್ಯಾಸಿವ್ ವಾಯ್ಸ್.
ಹುಡುಗ ಗಾಜು ಒಡೆದ. ಗಾಜು ಒಡೆಯಲ್ಪಟ್ಟಿತು.
ಹುಡುಗ ಬೇಡವಾದರೆ ಕೈಬಿಡಬಹುದು ಎಂದು ಸೂಚನೆ.
ನಮ್ಮ ಕಡೆ ಹೀಗೆ ಯಾರು ಮಾತಾಡುತ್ತಾರೆ?
ಮೀನು ಬೆಕ್ಕಿನಿಂದ ತಿನ್ನಲ್ಪಟ್ಟಿತು ಎಂದಿದ್ದರೆ
ಅತ್ತೆ ಮೊದಲು ನನ್ನ ಬಾಯಿ ಮೂಸುತ್ತಿದ್ದಳು.
ಡ್ರೈವರ್ ಗುಲ್‌ಜಮಾನನಿಗೆ ಇದನ್ನು ಹರಕು ಹಿಂದಿಯಲ್ಲಿ ಹೇಳಿದೆ,
ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ.

ಮೇ ತಿಂಗಳು, ಮಂಗಳವಾರ.
ಹತ್ತಿದ್ದು ಮೂವತ್ತೆರಡು, ಇಳಿದದ್ದು ಮೂವತ್ತೊಂದು.
ಅಭ್ಯಾಸದ ಪುಟ ಅರ್ಧಕ್ಕೆ ನಿಂತಿತ್ತು, ನನಗೆ ಅವಸರ.
ಪೆನ್ಸಿಲ್ ಬಸ್ಸಿನಲ್ಲೇ ಉಳಿದಿದೆಯೆಂದು ಮತ್ತೆ ಹತ್ತಿದರೆ
ಹಿಂದಿನ ಸೀಟುಗಳ ನಡುವೆ ಜಾರಿ ಮಲಗಿದ್ದ
ಕೆಜಿಯ ಇನಿಯನ್,
ಕೂದಲು ಮಿಂದವನ ಹಾಗೆ ಒದ್ದೆ, ತುಟಿ ಒಣಗಿತ್ತು.
ಹನ್ನೊಂದು ನಿಮಿಷ.
ನೀರು ಕುಡಿದು, ಅತ್ತು, ಬೂಟು ಹುಡುಕಿದ.

ಆಫೀಸಿನಲ್ಲಿ ಸಜೀಂದ್ರನ್ ಸರ್ ಕಾಗದ ಮುಂದಿಟ್ಟರು.
ಕೆಟ್ಟವರಲ್ಲ. ನನ್ನ ಕೆಲಸ ಉಳಿಯಲೆಂದೇ ಹೇಳಿಕೊಟ್ಟರು:
ದ ಚೈಲ್ಡ್ ವಾಸ್ ಫೌಂಡ್. ವಾಟರ್ ವಾಸ್ ಗಿವನ್.
ದ ಸೀಟ್ಸ್ ವರ್ ನಾಟ್ ಚೆಕ್ಡ್.
ಎಷ್ಟು ಚೊಕ್ಕ ಇಂಗ್ಲಿಷು,
ಗುಡಿಸಿ ಒರೆಸಿದ ನೆಲ, ಒಬ್ಬರ ಹೆಜ್ಜೆಯೂ ಇಲ್ಲ.
ವರ್ಷದ ಹಿಂದಾಗಿದ್ದರೆ ಸಹಿ ಹಾಕಿ ಬರುತ್ತಿದ್ದೆ.
ಈಗ ಎಲ್ಲ ಅರ್ಥವಾಯಿತು, ಅದೇ ತೊಂದರೆ.

ಕನ್ನಡದಲ್ಲಾದರೆ ಬಿಟ್ಟೆ ಅಂದರೆ ಮುಗಿಯಿತು,
ನಾನು ಎಂಬುದು ಬಾಲದಲ್ಲಿ ಮುದುಡಿ ಕೂರುತ್ತದೆ.
ಇಂಗ್ಲಿಷಿನಲ್ಲಿ ಅದು ಮುಂದೆ ಬಂದು ನಿಲ್ಲಬೇಕು,
ಒಂಟಿ ಕಂಬದ ಹಾಗೆ, ದೊಡ್ಡಕ್ಷರದಲ್ಲಿ.
ನಿಲ್ಲಿಸಿದೆ.
ಐ ಲೆಫ್ಟ್ ದ ಚೈಲ್ಡ್ ಇನ್ ದ ಬಸ್.
ಆ 'ದ' ಬರೆಯುವಾಗ ಪುಸ್ತಕ ನೋಡಬೇಕಾಗಲಿಲ್ಲ.
ಕೆಳಗೆ, ಮಾದೇವಿ ಮೊಗೇರ.
ಸರ್ ಎರಡು ಸಲ ಓದಿ, ಕನ್ನಡಕ ತೆಗೆದು,
ಸ್ಪೆಲ್ಲಿಂಗೆಲ್ಲ ಸರಿಯಿದೆ ಎಂದರು, ಬೇರೇನೂ ಹೇಳಲಿಲ್ಲ.

ಮಸ್ಕತ್ತಿನಿಂದ ತೀರ್ಮಾನ ಬರಬೇಕಂತೆ. ಬಂದಿಲ್ಲ.
ದಿನಾ ಕೊನೇ ಸೀಟಿನವರೆಗೆ ಒಂದೊಂದನ್ನೂ ಮುಟ್ಟುತ್ತಾ ಹೋಗುತ್ತೇನೆ,
ಎಣಿಸುವುದು ಮಾತ್ರ ಕನ್ನಡದಲ್ಲಿ.
ಇವತ್ತು ನರಿಯ ಪುಟಕ್ಕೆ ಹಿಂದಿರುಗಿ
ನಾನು ಹೊಡೆದ ಕಾಟನ್ನು ಅಳಿಸಿದೆ.
ಸರಿ ಗುರುತು ಹಾಕಲು ಕೈ ಬರಲಿಲ್ಲ.
ಗುಲ್‌ಜಮಾನ್ ಹಾರ್ನ್ ಒತ್ತಿದ. ಒಂದೂವರೆ.